ಮೊಬೈಲ್ ಇರುವಾಗ ಗೇಮ್ ಕನ್ಸೋಲ್ ಬೇಕೇ? ಒಂದು ಚರ್ಚೆ (ಪ್ರತಿ ಬರಹದ ಮೇಲಿರುವುದು ಬರೆದವರ ಅಡ್ಡಹೆಸರು)

ಹಳೆಯ ಕಾರ್ಟ್ರಿಜ್

‘ಕನ್ಸೋಲ್‌ಗಳ (ಆಟಕ್ಕೆಂದೇ ಮಾಡಿದ ಯಂತ್ರಗಳ) ಕಾಲ ಮುಗಿಯಿತು, ಇನ್ನೇನಿದ್ದರೂ ಮೊಬೈಲ್’ ಎಂಬ ಮಾತು ಹದಿನೈದು ವರ್ಷಗಳಿಂದ ಕೇಳಿಬರುತ್ತಿದೆ. ಈಗ ಆ ಮಾತಿಗೆ ಹಿಂದೆಂದಿಗಿಂತ ಹೆಚ್ಚು ತೂಕ ಬಂದಿರುವುದು ನಿಜ. 2021ರಲ್ಲಿ ಸೋನಿಯ ಕನ್ಸೋಲ್ ಪ್ಲೇಸ್ಟೇಷನ್ 5ಕ್ಕೆ ಬಂದ ‘ರೆಸಿಡೆಂಟ್ ಈವಿಲ್ ವಿಲೇಜ್’ 2023ರ ಅಕ್ಟೋಬರ್‌ನಲ್ಲಿ ಐಫೋನ್ 15 ಪ್ರೊಗೂ ಬಂತು. ಮೊಬೈಲ್‌ಗೆಂದು ಕಥೆ ಮೊಟಕುಗೊಳಿಸಿದ ಬೇರೆ ಆಟವನ್ನು ತಯಾರಕರು ಕೊಡಲಿಲ್ಲ, ಅದೇ ಆಟವನ್ನೇ ಕೊಟ್ಟರು. ಜಗತ್ತಿನ ವಿಡಿಯೊ ಗೇಮ್ ವಹಿವಾಟಿನಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಹಣ ಇಂದು ಮೊಬೈಲ್‌ನಿಂದ ಬರುತ್ತಿದೆ.

ಹಾಗಿದ್ದರೂ ಕನ್ಸೋಲ್‌ನ ಜಾಗವನ್ನು ಮೊಬೈಲ್ ತುಂಬುತ್ತದೆ ಎಂದು ನನಗೆ ಅನ್ನಿಸುವುದಿಲ್ಲ. ಚಿಪ್‌ನ ಶಕ್ತಿಯ ವಿಚಾರವನ್ನು ನಾನು ಎತ್ತುವುದಿಲ್ಲ. ಆ ಅಂತರ ಹೇಗೂ ತಗ್ಗುತ್ತಿದೆ. ಮೂವತ್ತು ನಲವತ್ತು ಗಂಟೆ ಆಡಿ ಮುಗಿಸುವ ಆಟಕ್ಕೆ ಮೊದಲೇ ಪೂರ್ತಿ ಹಣ ಕೊಡುವ ರೂಢಿ ಮೊಬೈಲ್‌ನಲ್ಲಿ ಬೇರುಬಿಡಲೇ ಇಲ್ಲ, ಆ ಹಣವಿಲ್ಲದೆ ಆ ಬಗೆಯ ಆಟ ಹುಟ್ಟುವುದಿಲ್ಲ ಎಂಬುದು ನನ್ನ ವಾದ.

ಕೈಯಲ್ಲಿ ಹಿಡಿದು ಆಡುವ ಸಾಧನಗಳಿಗೆ ಮೊಬೈಲ್ ಕೊಟ್ಟ ಪೆಟ್ಟು ಸಣ್ಣದಲ್ಲ. ನಿಂಟೆಂಡೊ ಡಿಎಸ್ 15 ಕೋಟಿಗೂ ಹೆಚ್ಚು ಮಾರಾಟವಾಗಿತ್ತು. ಅದರ ನಂತರ 2011ರಲ್ಲಿ ಬಂದ 3ಡಿಎಸ್‌ನ ಬೆಲೆಯನ್ನು ಅದೇ ವರ್ಷ ಆಗಸ್ಟ್‌ನಲ್ಲಿ 250 ಡಾಲರ್‌ನಿಂದ 170ಕ್ಕೆ ಇಳಿಸಬೇಕಾಯಿತು. ಕಂಪನಿಯ ಅಧ್ಯಕ್ಷ ಸತೊರು ಇವಾಟಾ ತಮ್ಮ ಸಂಬಳವನ್ನು ಅರ್ಧ ಕಡಿತ ಮಾಡಿಕೊಂಡರು. ಆ ಡಿಸೆಂಬರ್‌ನಲ್ಲಿ ಬಂದ ಪ್ಲೇಸ್ಟೇಷನ್ ವೀಟಾ ಕೊನೆಯವರೆಗೂ ಚೇತರಿಸಿಕೊಳ್ಳಲಿಲ್ಲ. 2019ರಲ್ಲಿ ಅದರ ತಯಾರಿಕೆಯೇ ನಿಂತಿತು. ಅಲ್ಲಿಗೆ ಮೊಬೈಲ್ ಗೆದ್ದಂತೆ ಕಂಡಿತ್ತು. ಆದರೆ 2017ರ ಮಾರ್ಚ್‌ನಲ್ಲಿ ಬಂದ, ಕೈಯಲ್ಲಿ ಹಿಡಿದೂ ಆಡಬಹುದಾದ ನಿಂಟೆಂಡೊದ ಕನ್ಸೋಲ್ ಸ್ವಿಚ್, ಎಲ್ಲರ ಜೇಬಿನಲ್ಲೂ ಒಳ್ಳೆಯ ಫೋನ್ ಇದ್ದ ಕಾಲದಲ್ಲೇ 15 ಕೋಟಿ ದಾಟಿತು. ಇದಕ್ಕೆ ಕಾರಣ ಹೇಳದೆ ಮೊಬೈಲ್ ಎಲ್ಲವನ್ನೂ ನುಂಗಿಹಾಕುತ್ತದೆ ಎನ್ನಲು ಬರುವುದಿಲ್ಲ. ಒಪ್ಪದವರು ದಯವಿಟ್ಟು ಕಾರಣ ಸಮೇತ ಬರೆಯಿರಿ.

ನಾಲ್ಕು ಬೆರಳು

ನಾನು ಒಪ್ಪುವುದಿಲ್ಲ, ಕಾರಣವನ್ನೂ ಕೊಡುತ್ತೇನೆ. ‘ಆ ಬಗೆಯ ಆಟ’ ಎಂದು ಬರೆದಿದ್ದೀರಲ್ಲ, ನನ್ನ ತಕರಾರು ಇರುವುದೇ ಅಲ್ಲಿ. ಒಬ್ಬರೇ ಕುಳಿತು ಆಡಿ ಮುಗಿಸುವ ಕಥೆಯೇ ನಿಜವಾದ ಆಟ, ಉಳಿದದ್ದು ಹೊತ್ತು ಹೋಗಲೆಂದು ಆಡುವುದು ಎಂದು ಕನ್ಸೋಲ್ ಪ್ರಿಯರು ಮೊದಲೇ ತೀರ್ಮಾನಿಸಿರುತ್ತಾರೆ.

ಪಬ್ಜಿ ಮೊಬೈಲ್ ಅನ್ನು ಗಂಭೀರವಾಗಿ ಆಡುವವರ ಕೈಗಳನ್ನು ಹತ್ತಿರದಿಂದ ನೋಡಿ. ಎಡ ಹೆಬ್ಬೆರಳು ಓಟ ನೋಡಿಕೊಳ್ಳುತ್ತದೆ, ಬಲ ಹೆಬ್ಬೆರಳು ನೋಟ ತಿರುಗಿಸುತ್ತದೆ. ಎಡ ತೋರುಬೆರಳು ಪರದೆಯ ಮೇಲ್ಮೂಲೆಯಲ್ಲಿ ಗುಂಡು ಹಾರಿಸುವ ಗುರುತಿನ ಮೇಲೆ ಬಾಗಿರುತ್ತದೆ, ಬಲ ತೋರುಬೆರಳು ಸ್ಕೋಪ್ ಮೇಲೆ. ಗುಂಡು ಹಾರುತ್ತಿದ್ದಂತೆ ಬಂದೂಕಿನ ಮೂತಿ ಮೇಲಕ್ಕೇಳುತ್ತದೆಯಲ್ಲ, ಅದನ್ನು ಅದುಮಿ ಹಿಡಿಯಲು ಫೋನನ್ನೇ ಕೂದಲೆಳೆಯಷ್ಟು ವಾಲಿಸುತ್ತಾರೆ. ಒಳಗಿನ ಜೈರೊಸ್ಕೋಪ್ ಆ ವಾಲಿಕೆಯನ್ನು ಗುರಿಯ ಚಲನೆಯಾಗಿ ಬದಲಿಸುತ್ತದೆ. ಗುಂಡಿಗಳ ಜಾಗ, ಗಾತ್ರ, ಎಷ್ಟು ಮಸುಕಾಗಿ ಕಾಣಬೇಕು ಎಂಬುದೆಲ್ಲ ಆಟಗಾರರ ಬೆರಳಿನ ಅಳತೆಗೆ ಹೊಂದಿಸಿದ್ದು. ಈ ಹಿಡಿತ ಕೈಗೆ ಒಗ್ಗಲು ತಿಂಗಳುಗಟ್ಟಲೆ ಅಭ್ಯಾಸ ಬೇಕು. ಟಚ್ ಸ್ಕ್ರೀನ್ ಎಂದರೆ ಒರಟು ಆಟ ಎನ್ನುವವರು ಇದನ್ನು ನೋಡಿಲ್ಲ.

2023ರಲ್ಲಿ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ಮೊಬೈಲ್ ಗೇಮ್‌ಗಳಿಗೆ ಪದಕ ಕೊಟ್ಟರು. ‘ಆನರ್ ಆಫ್ ಕಿಂಗ್ಸ್’ ಅನ್ನು ದಿನವೊಂದಕ್ಕೆ ಸರಾಸರಿ 10 ಕೋಟಿ ಜನ ಆಡುತ್ತಾರೆ ಎಂದು 2020ರಲ್ಲೇ ಅದರ ಕಂಪನಿ ಟೆನ್ಸೆಂಟ್ ಪ್ರಕಟಿಸಿತ್ತು. ಕೋಟ್ಯಂತರ ಜನರ ಮೊದಲ ಆಟದ ಯಂತ್ರ ಫೋನ್, ಎಷ್ಟೋ ಜನರಿಗೆ ಅದೊಂದೇ ಯಂತ್ರ. ಅವರಿಗೆ ಕನ್ಸೋಲ್‌ನ ಜಾಗ ಎಂಬುದೇ ಇಲ್ಲ, ಇನ್ನು ಅದನ್ನು ತುಂಬುವ ಪ್ರಶ್ನೆ ಎಲ್ಲಿ ಬಂತು?

ಫ್ರೇಮ್ ಲೆಕ್ಕ

ಕನ್ಸೋಲ್‌ಗೆ ಬರೆದ ಆಟಗಳನ್ನು ಫೋನ್‌ಗೆ ಹೊಂದಿಸುವುದು ನನ್ನ ಕೆಲಸ. ಹಳೆಯ ಕಾರ್ಟ್ರಿಜ್ ಅವರು ಶಕ್ತಿಯ ವಿಚಾರವನ್ನು ಬೇಗ ಬಿಟ್ಟುಕೊಟ್ಟರು ಎನ್ನಿಸಿತು, ಹಾಗಾಗಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಸೆಕೆಂಡಿಗೆ 60 ಫ್ರೇಮ್ (ಪರದೆಯ ಮೇಲೆ ಒಂದರ ಹಿಂದೊಂದು ಬರುವ ಚಿತ್ರ) ಬೇಕೆಂದರೆ ಒಂದು ಫ್ರೇಮ್ ಬಿಡಿಸಲು ಸಿಗುವುದು 16.6 ಮಿಲಿಸೆಕೆಂಡ್. ಒಳ್ಳೆಯ ಫೋನ್ ತಣ್ಣಗಿರುವಾಗ ಇದನ್ನು ಸಲೀಸಾಗಿ ಮಾಡುತ್ತದೆ, ಜಾಹೀರಾತಿನಲ್ಲಿ ಕಾಣುವುದು ಆ ಹೊತ್ತಿನ ಫೋನ್. ಹತ್ತು ಹದಿನೈದು ನಿಮಿಷ ಆಡಿದ ಮೇಲೆ ಹಿಂಬದಿ ಬಿಸಿಯಾಗುತ್ತದೆ, ಚಿಪ್ ತನ್ನನ್ನು ಕಾಪಾಡಿಕೊಳ್ಳಲು ವೇಗ ತಗ್ಗಿಸುತ್ತದೆ. ಅದೇ ದೃಶ್ಯ, ಅದೇ ಶತ್ರುಗಳು. ಈಗ ಒಂದು ಫ್ರೇಮ್‌ಗೆ 22 ಅಥವಾ 25 ಮಿಲಿಸೆಕೆಂಡ್ ಬೇಕಾಗುತ್ತದೆ. ಪರದೆಯ ಬೆಳಕೂ ತಾನಾಗಿ ಇಳಿಯುತ್ತದೆ. ಚಾರ್ಜಿಗೆ ಹಾಕಿಕೊಂಡು ಆಡಿದರೆ ಇದೆಲ್ಲ ಇನ್ನೂ ಬೇಗ ಶುರುವಾಗುತ್ತದೆ. ಅದಕ್ಕೇ ನಾವು ಲೆಕ್ಕ ಹಾಕುವಾಗ ಬಿಸಿಯಾದ ಫೋನನ್ನೇ ಆಧಾರವಾಗಿ ಇಟ್ಟುಕೊಳ್ಳುತ್ತೇವೆ: ನೆರಳುಗಳನ್ನು ಕಡಿಮೆ ಮಾಡುತ್ತೇವೆ, ದೂರದ ಮರಗಳನ್ನು ಚಪ್ಪಟೆ ಚಿತ್ರಗಳಾಗಿಸುತ್ತೇವೆ, ಕಡಿಮೆ ರೆಸಲ್ಯೂಷನ್‌ನಲ್ಲಿ ಬಿಡಿಸಿ ಆಮೇಲೆ ಹಿಗ್ಗಿಸುತ್ತೇವೆ.

ಪ್ಲೇಸ್ಟೇಷನ್ 5 ದೊಡ್ಡ ಆಟ ಓಡಿಸುವಾಗ ಸುಮಾರು 200 ವ್ಯಾಟ್ ಎಳೆಯುತ್ತದೆ, ಅದರ ಡಬ್ಬಿಯ ಒಳಗಿನ ಬಹುಪಾಲು ಜಾಗ ಫ್ಯಾನ್ ಮತ್ತು ಶಾಖ ಹೊರಹಾಕುವ ಲೋಹಕ್ಕೇ ಮೀಸಲು. ಫ್ಯಾನ್ ಇಲ್ಲದ ಫೋನ್, ಕೈ ಸುಡದ ಹಾಗೆ ಬಹಳ ಹೊತ್ತು ಹೊರಹಾಕಬಲ್ಲ ಶಾಖ ನಾಲ್ಕೈದು ವ್ಯಾಟ್. ಮೆಮೊರಿಯ ವೇಗವೂ ಹಾಗೆಯೇ: ಅಲ್ಲಿ ಸೆಕೆಂಡಿಗೆ 448 ಗಿಗಾಬೈಟ್, ಉತ್ತಮ ಫೋನ್‌ಗಳಲ್ಲಿ ಅದರ ಐದನೇ ಒಂದು ಭಾಗಕ್ಕಿಂತ ಕಡಿಮೆ. ಚಿಪ್‌ಗಳು ಸುಧಾರಿಸುತ್ತವೆ, ಆದರೆ ಮನುಷ್ಯನ ಅಂಗೈ ತಾಳುವ ಬಿಸಿ ಹೆಚ್ಚುವುದಿಲ್ಲ. ಫೋನ್ ಯಾವತ್ತೂ ಆ ಕಾಲದ ಕನ್ಸೋಲ್‌ಗಿಂತ ಒಂದು ತಲೆಮಾರು ಹಿಂದೆಯೇ ಇರುತ್ತದೆ. ಅಷ್ಟು ಸಾಕೇ ಎಂಬುದು ಬೇರೆ ಪ್ರಶ್ನೆ. ಬಹಳ ಆಟಗಳಿಗೆ ಧಾರಾಳವಾಗಿ ಸಾಕು.

ಇದಕ್ಕಿಂತ ದೊಡ್ಡ ತಲೆನೋವು ಇನ್ನೊಂದಿದೆ. ಪ್ಲೇಸ್ಟೇಷನ್ 3 ಬಂದದ್ದು 2006ರಲ್ಲಿ, ಮುಖ್ಯ ಮೆಮೊರಿ 256 ಮೆಗಾಬೈಟ್, ಗ್ರಾಫಿಕ್ಸ್‌ಗೆ ಇನ್ನೊಂದು 256. ಏಳು ವರ್ಷದ ನಂತರ ಅದೇ ಯಂತ್ರದಲ್ಲಿ ‘ಜಿಟಿಎ 5’ನಂಥ ಭಾರಿ ಆಟ ಓಡಿತು. ಏಳು ವರ್ಷ ಒಂದೇ ಯಂತ್ರದ ಮೇಲೆ ಕೆಲಸ ಮಾಡಿದವರು ಅದರ ಮೂಲೆಮೂಲೆಯನ್ನೂ ಅರಿತಿದ್ದರಿಂದ ಅದು ಸಾಧ್ಯವಾಯಿತು. ಆಂಡ್ರಾಯ್ಡ್‌ನಲ್ಲಿ ಸಾವಿರಾರು ಮಾದರಿಗಳಿವೆ. ಒಂದು ಚಿಪ್‌ನಲ್ಲಿ ಸರಿಯಾಗಿ ಕಾಣುವ ನೀರು ಇನ್ನೊಂದರಲ್ಲಿ ಕಪ್ಪು ಮಚ್ಚೆಯಾಗುತ್ತದೆ, ಮೂರನೆಯದರಲ್ಲಿ ಆಟವೇ ಮುಚ್ಚಿಕೊಳ್ಳುತ್ತದೆ. ಆಟವನ್ನು ಚಂದಗಾಣಿಸಬೇಕಾದ ತಿಂಗಳುಗಳು ಈ ಮಚ್ಚೆಗಳನ್ನು ಒರೆಸುವುದರಲ್ಲೇ ಕಳೆದುಹೋಗುತ್ತವೆ. ನನಗೆ ನಿಜವಾಗಿ ಸಂಕಟವಾಗುವುದು ಇದರಿಂದ.

ಎರಡನೇ ಆಟಗಾರ್ತಿ

ಯಾರೂ ಹೇಳದ ಒಂದು ವಿಷಯ. ಕನ್ಸೋಲ್ ಮನೆಯದು, ಫೋನ್ ಒಬ್ಬರದು. ಒಂದೇ ಪರದೆಯ ಮುಂದೆ ಭುಜಕ್ಕೆ ಭುಜ ತಾಗಿಸಿ ಕುಳಿತು ಆಡುವ ಆಟ ಫೋನ್‌ನಲ್ಲಿ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. 2021ರ ‘ಇಟ್ ಟೇಕ್ಸ್ ಟೂ’ ಆಟವನ್ನು ಒಬ್ಬರೇ ಆಡಲು ಸಾಧ್ಯವೇ ಇಲ್ಲ, ಇಬ್ಬರು ಬೇಕೇ ಬೇಕು. ಒಬ್ಬರ ಕೈಯಲ್ಲಿ ಮೊಳೆ, ಇನ್ನೊಬ್ಬರ ಕೈಯಲ್ಲಿ ಸುತ್ತಿಗೆ. ನನ್ನ ಅಕ್ಕ ಬೇರೆ ಯಾವ ಗೇಮ್ ಅನ್ನೂ ಮುಟ್ಟದವಳು, ಅದನ್ನು ನನ್ನ ಜೊತೆ ಕೊನೆಯವರೆಗೆ ಆಡಿದಳು.

ನಾಲ್ಕು ಬೆರಳು

ಫೋನನ್ನು ಕೇಬಲ್ ಮೂಲಕ ಟಿ.ವಿ.ಗೆ ಜೋಡಿಸಬಹುದು. 2019ರಲ್ಲಿ ಬಂದ ಐಫೋನ್ ತಂತ್ರಾಂಶ ಐಒಎಸ್ 13ರಿಂದ ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್ ಕಂಟ್ರೋಲರ್‌ಗಳೂ (ಆಡಲು ಕೈಯಲ್ಲಿ ಹಿಡಿಯುವ ಗುಂಡಿಗಳ ಸಾಧನ) ಐಫೋನ್‌ಗೆ ನೇರವಾಗಿ ಕೂಡಿಕೊಳ್ಳುತ್ತವೆ, ಆಂಡ್ರಾಯ್ಡ್‌ನಲ್ಲೂ ಅದು ಹೊಸದೇನಲ್ಲ. ಯಂತ್ರಕ್ಕೆ ಯಾವ ಅಡ್ಡಿಯೂ ಇಲ್ಲ. ಹಾಗೆ ಆಡುವ ಆಟಗಳನ್ನು ಯಾರೂ ಮಾಡುತ್ತಿಲ್ಲ, ಅಷ್ಟೇ.

ಎರಡನೇ ಆಟಗಾರ್ತಿ

ಆ ‘ಅಷ್ಟೇ’ ಸಣ್ಣ ಮಾತಲ್ಲ. ಅದೂ ಅಲ್ಲದೆ, ಟಿ.ವಿ.ಗೆ ಜೋಡಿಸಿದ ಫೋನ್‌ಗೆ ಕರೆ ಬಂದರೆ ಇಬ್ಬರ ಆಟವೂ ನಿಲ್ಲುತ್ತದೆ. ಬೇರೆ ಯಾವ ಕೆಲಸವನ್ನೂ ಹೊತ್ತುಕೊಳ್ಳದ ಯಂತ್ರ ಎಂಬುದೇ ಕನ್ಸೋಲ್‌ನ ಒಂದು ದೊಡ್ಡ ಗುಣ.

ಬಲಗೈ

ಅಪಘಾತವೊಂದರ ನಂತರ ನನ್ನ ಎಡಗೈ ಬೆರಳುಗಳು ಸರಿಯಾಗಿ ಮಡಚುವುದಿಲ್ಲ. ಸಾಮಾನ್ಯ ಕಂಟ್ರೋಲರ್ ಎರಡೂ ಕೈ ನೆಟ್ಟಗಿವೆ ಎಂದು ಭಾವಿಸಿಕೊಂಡೇ ಮಾಡಿದ್ದು; ಹೆಬ್ಬೆರಳಿನಿಂದ ವಾಲಿಸುವ ಎರಡು ಕಡ್ಡಿ, ಮೇಲಂಚಿನಲ್ಲಿ ನಾಲ್ಕು ಗುಂಡಿಗಳು, ಅವನ್ನು ಒಟ್ಟೊಟ್ಟಿಗೆ ಒತ್ತಬೇಕು. ಆ ದಿನಗಳಲ್ಲಿ ನನ್ನನ್ನು ಆಟದ ಲೋಕದಲ್ಲಿ ಉಳಿಸಿದ್ದು ಫೋನ್. ‘ಮಾನ್ಯುಮೆಂಟ್ ವ್ಯಾಲಿ’ಯನ್ನು ಮೇಜಿನ ಮೇಲಿಟ್ಟು ಒಂದೇ ಬೆರಳಿನಲ್ಲಿ ಆಡಿದ್ದೇನೆ: ಹಿಡಿಕೆಯನ್ನು ಮುಟ್ಟಿ ತಿರುಗಿಸಿದರೆ ಇಡೀ ಗೋಪುರ ಬೆರಳಿನ ಜೊತೆಗೇ ತಿರುಗುತ್ತದೆ, ಮುರಿದ ದಾರಿ ಕಣ್ಣೆದುರೇ ಕೂಡಿಕೊಳ್ಳುತ್ತದೆ. ಟಚ್ ಸ್ಕ್ರೀನ್‌ಗೆಂದೇ ಯೋಚಿಸಿದ ಆಟ ಅದು. ಕಂಟ್ರೋಲರ್‌ನಲ್ಲಿ ಅದೇ ಸಂತೋಷ ಸಿಗುವುದಿಲ್ಲ.

ಕನ್ಸೋಲ್ ಕಂಪನಿಗಳೂ ಸುಮ್ಮನೆ ಕುಳಿತಿಲ್ಲ. 2018ರಲ್ಲಿ ಮೈಕ್ರೋಸಾಫ್ಟ್ ತಂದ ಎಕ್ಸ್‌ಬಾಕ್ಸ್ ಅಡಾಪ್ಟಿವ್ ಕಂಟ್ರೋಲರ್‌ಗೆ ಪಾದದಲ್ಲಿ ಒತ್ತುವ ಗುಂಡಿಯನ್ನೂ ಜೋಡಿಸಬಹುದು. ಸೋನಿ 2023ರ ಕೊನೆಗೆ ತನ್ನದೊಂದನ್ನು ತಂತು. ಈಗ ನಾನು ಎರಡರಲ್ಲೂ ಆಡುತ್ತೇನೆ. ಯಾವುದು ಯಾವುದನ್ನು ಮುಗಿಸುತ್ತದೆ ಎಂದು ಕೇಳುವಾಗ, ಎರಡೂ ಉಳಿಯುವುದು ಬೇಕಾದವರೂ ಇದ್ದೇವೆ ಎಂಬುದು ನೆನಪಿರಲಿ.

ಹಳೆಯ ಕಾರ್ಟ್ರಿಜ್

ಬಲಗೈ ಅವರೇ, ನಿಮ್ಮ ಬರಹ ಈ ಚರ್ಚೆಗೆ ಬೇಕಾಗಿತ್ತು. ಧನ್ಯವಾದ.

ನಾಲ್ಕು ಬೆರಳು ಅವರಿಗೆ: ನಿಮ್ಮ ಕೌಶಲವನ್ನು ನಾನು ಕಡೆಗಣಿಸಿಲ್ಲ. ನನ್ನ ಮಾತು ಹಣದ ಬಗ್ಗೆ. ‘ಹಾಗೆ ಆಡುವ ಆಟಗಳನ್ನು ಯಾರೂ ಮಾಡುತ್ತಿಲ್ಲ’ ಎಂದಿರಿ. ಏಕೆ ಮಾಡುತ್ತಿಲ್ಲ ಎಂಬುದಕ್ಕೆ ನಿಂಟೆಂಡೊದ ಅನುಭವವೇ ಸಾಕ್ಷಿ. 2016ರ ಡಿಸೆಂಬರ್‌ನಲ್ಲಿ ಅವರು ‘ಸೂಪರ್ ಮಾರಿಯೊ ರನ್’ ತಂದರು. ಮೊದಲ ಕೆಲವು ಹಂತ ಉಚಿತ, ಇಷ್ಟವಾದರೆ ಒಂದೇ ಬಾರಿ 10 ಡಾಲರ್, ಆಮೇಲೆ ಕೈಚಾಚುವುದಿಲ್ಲ. ಇದಕ್ಕಿಂತ ನ್ಯಾಯವಾದ ವ್ಯವಹಾರ ಇರಲಾರದು. ಜಗತ್ತಿಗೆಲ್ಲ ಪರಿಚಿತನಾದ ಮಾರಿಯೊ, ಕೋಟ್ಯಂತರ ಡೌನ್‌ಲೋಡ್. ಆದರೂ ನಿರೀಕ್ಷಿಸಿದಷ್ಟು ಲಾಭ ಬರಲಿಲ್ಲ ಎಂದು ಕಂಪನಿಯೇ ಹೇಳಿತು. ಎರಡು ತಿಂಗಳ ನಂತರ ಬಂದ ‘ಫೈರ್ ಎಂಬ್ಲಮ್ ಹೀರೋಸ್’ನ ಪಾತ್ರಗಳು ಮಾರಿಯೊನಷ್ಟು ಪ್ರಸಿದ್ಧರಲ್ಲ. ಆದರೆ ಅಲ್ಲಿ ಯೋಧರನ್ನು ಪಡೆಯುವುದು ಲಾಟರಿಯ ಹಾಗೆ, ಬೇಕಾದವರು ಸಿಗುವವರೆಗೆ ಮತ್ತೆ ಮತ್ತೆ ಎತ್ತಬೇಕು. ನಿಂಟೆಂಡೊಗೆ ಮೊಬೈಲ್‌ನಲ್ಲಿ ಅತಿ ಹೆಚ್ಚು ಹಣ ತಂದದ್ದು ಆ ಆಟ. ಇದನ್ನು ನೋಡಿದ ಮೇಲೆ ಯಾವ ಕಂಪನಿ ತಾನೇ 10 ಡಾಲರ್‌ನ ದಾರಿ ಹಿಡಿಯುತ್ತದೆ?

ಕನ್ಸೋಲ್ ಕಂಪನಿಗೆ ಯಂತ್ರದ ಮೇಲೆ ಲಾಭ ಕಡಿಮೆ, ಕೆಲವೊಮ್ಮೆ ನಷ್ಟ. ಅದರ ಬದುಕು ನಡೆಯುವುದು ಆಟಗಳ ಮಾರಾಟದಿಂದ, ಆದ್ದರಿಂದ ಒಳ್ಳೆಯ ಆಟ ಹುಟ್ಟುವಂತೆ ಅದೇ ಬಂಡವಾಳ ಹಾಕುತ್ತದೆ. ಫೋನ್ ಕಂಪನಿ ಫೋನ್ ಮಾರಿದಾಗಲೇ ಲಾಭ ಎಣಿಸಿಕೊಂಡಿರುತ್ತದೆ. ಆಟ ಮಾರಿದ ಹಣದಲ್ಲಿ ಆನ್‌ಲೈನ್ ಅಂಗಡಿಯ ಪಾಲು ಎರಡೂ ಕಡೆ ಬಹುತೇಕ ಮೂವತ್ತು ಪ್ರತಿಶತವೇ, ಆದರೆ ಆ ಪಾಲಿಗೆ ಪ್ರತಿಯಾಗಿ ಆಟಗಳಿಗೆ ಮರಳುವುದು ಬೇರೆ ಬೇರೆ.

ನಾಲ್ಕು ಬೆರಳು

‘ಗೆನ್ಶಿನ್ ಇಂಪ್ಯಾಕ್ಟ್’ ಬಗ್ಗೆ ಏನು ಹೇಳುತ್ತೀರಿ? 2020ರ ಸೆಪ್ಟೆಂಬರ್ 28ರಂದು ಫೋನ್, ಕಂಪ್ಯೂಟರ್, ಪ್ಲೇಸ್ಟೇಷನ್ 4 ಮೂರಕ್ಕೂ ಒಂದೇ ದಿನ ಬಂತು. ವಿಶಾಲ ಪ್ರಪಂಚ, ಒಳ್ಳೆಯ ಸಂಗೀತ, ವರ್ಷವರ್ಷವೂ ಹೊಸ ಪ್ರದೇಶ, ಒಂದು ಪೈಸೆ ಕೊಡದೆಯೂ ಆಡಬಹುದು. ಮೊದಲೇ ಹಣ ಕೊಡದಿದ್ದರೆ ದೊಡ್ಡ ಆಟ ಹುಟ್ಟುವುದಿಲ್ಲ ಎಂಬ ನಿಮ್ಮ ಮಾತು ಇಲ್ಲಿ ನಿಲ್ಲುವುದಿಲ್ಲ.

ಹಳೆಯ ಕಾರ್ಟ್ರಿಜ್

ಅದು ದೊಡ್ಡ ಆಟ, ಸುಂದರವೂ ಹೌದು. ಆದರೆ ಅದರ ಒಳರಚನೆಯನ್ನು ನೋಡಿ. ಹಲವು ಸವಾಲುಗಳನ್ನು ಗೆದ್ದರೂ ಬಹುಮಾನ ತೆಗೆದುಕೊಳ್ಳಲು ರೆಸಿನ್ ಎಂಬ, ಆಟದೊಳಗಿನ ಒಂದು ಬಗೆಯ ಇಂಧನವನ್ನು ಖರ್ಚು ಮಾಡಬೇಕು. ಅದು ಎಂಟು ನಿಮಿಷಕ್ಕೆ ಒಂದರಂತೆ ತುಂಬುತ್ತದೆ. ಮಳೆ ಬೀಳುವ ಭಾನುವಾರ ಇಡೀ ದಿನ ಆಡೋಣ ಎಂದುಕೊಂಡವರನ್ನು ಆಟವೇ ತಡೆಯುತ್ತದೆ, ನಾಳೆ ಬಾ, ನಾಡಿದ್ದು ಬಾ ಎನ್ನುತ್ತದೆ. ಹಣ ಎಲ್ಲಿಂದ ಬರುತ್ತದೋ ಆಟದ ಆಕಾರ ಅತ್ತ ವಾಲುತ್ತದೆ. ನಾನು ಕೇಳುವುದು ನನ್ನ ಬಿಡುವಿಗೆ ತಕ್ಕಂತೆ ತೆರೆದುಕೊಳ್ಳುವ, ಒಂದು ದಿನ ಮುಗಿಯುವ ಆಟ.

ಇಬ್ಬರ ಅಮ್ಮ

ಮಕ್ಕಳ ಕಡೆಯಿಂದ ಒಂದು ಮಾತು. ಪೂರ್ತಿ ಹಣ ಕೊಟ್ಟು ತಂದ ಆಟದಲ್ಲಿ ಮಗು ಸೋತರೆ ಮತ್ತೆ ಪ್ರಯತ್ನಿಸುತ್ತದೆ. ಉಚಿತ ಆಟದಲ್ಲಿ ಸೋತ ಕ್ಷಣವೇ ಪರದೆಯ ಮೇಲೆ ರತ್ನದ ಪೊಟ್ಟಣ ಬರುತ್ತದೆ, ಕೆಳಗೆ ಸೆಕೆಂಡುಗಳು ಇಳಿಯುತ್ತಿರುತ್ತವೆ. ಎಂಟು ವರ್ಷದ ಮಗುವಿನ ನಿರಾಸೆಗೆ ಬೆಲೆಪಟ್ಟಿ ಅಂಟಿಸುವುದನ್ನು ನಾನು ಸಹಿಸಲಾರೆ. ಖರೀದಿಗೆ ಪಾಸ್‌ವರ್ಡ್ ಹಾಕಿದ್ದೇನೆ, ಆದರೆ ಆ ಪರದೆ ಕಾಣಿಸಿಕೊಳ್ಳುವುದನ್ನು ತಡೆಯಲು ನನ್ನಿಂದ ಆಗಿಲ್ಲ.

ಬೂದು ಗುಂಡಿ

ಹಣದ ಜೊತೆಗೆ ಬಾಳಿಕೆಯನ್ನೂ ಸೇರಿಸಿ. ಐಫೋನ್ ಏನು ಮಾಡಬಲ್ಲದು ಎಂದು ಜಗತ್ತಿಗೆ ತೋರಿಸಿದ ಆಟ 2010ರ ‘ಇನ್ಫಿನಿಟಿ ಬ್ಲೇಡ್’. 2018ರ ಡಿಸೆಂಬರ್‌ನಲ್ಲಿ ಅದರ ಮೂರೂ ಭಾಗಗಳನ್ನು ಆ್ಯಪ್ ಸ್ಟೋರ್‌ನಿಂದ ತೆಗೆದರು. ಅದಕ್ಕೂ ಮೊದಲು 2017ರಲ್ಲಿ ಐಒಎಸ್ 11 ಬಂದಾಗ ಹಳೆಯ ಬಗೆಯ 32 ಬಿಟ್ ಆ್ಯಪ್‌ಗಳಿಗೆ ಬೆಂಬಲ ನಿಂತಿತು. ಹಣ ಕೊಟ್ಟು ಕೊಂಡ ಎಷ್ಟೋ ಆಟಗಳು, ತಯಾರಕರು ಹೊಸ ಆವೃತ್ತಿ ತರದ ಕಾರಣ, ಒಂದೇ ಅಪ್‌ಡೇಟ್‌ಗೆ ಸತ್ತುಹೋದವು.

ನನ್ನ ಬಳಿ ನಿಂಟೆಂಡೊದ ಹಳೆಯ ಯಂತ್ರ ಗೇಮ್ ಬಾಯ್‌ನ ಕಾರ್ಟ್ರಿಜ್‌ಗಳು, ಅಂದರೆ ಆಟ ತುಂಬಿದ ಸಣ್ಣ ಡಬ್ಬಿಗಳು, ಇವೆ. ಕೆಲವದರ ಒಳಗೆ, ಆಡಿದಷ್ಟನ್ನು ನೆನಪಿಟ್ಟುಕೊಳ್ಳಲು ನಾಣ್ಯದ ಆಕಾರದ ಒಂದು ಬ್ಯಾಟರಿ ಇರುತ್ತದೆ. ಅದು ಬರಿದಾದರೆ ಉಳಿಸಿಟ್ಟ ಆಟ ಅಳಿಸಿಹೋಗುತ್ತದೆ, ಆದರೆ ಕಾರ್ಟ್ರಿಜ್ ಸಾಯುವುದಿಲ್ಲ. ಹಿಂಬದಿಯ ತಿರುಪು ಬಿಚ್ಚಿ, ಹಳೆಯ ಬೆಸುಗೆ ಕಾಯಿಸಿ ಬಿಡಿಸಿ, ಹೊಸ ಬ್ಯಾಟರಿ ಕೂರಿಸಿದರೆ ಮತ್ತೆ ಮೊದಲಿನಂತಾಗುತ್ತದೆ. ಇದಕ್ಕೆ ಯಾವ ಸರ್ವರ್‌ನ ಅಪ್ಪಣೆಯೂ ಬೇಡ.

ನಾಲ್ಕು ಬೆರಳು

ನೀವು ಹೊಗಳುತ್ತಿರುವ ಕನ್ಸೋಲ್ ಹಿಂದಿನದು. 2023ರ ಮಾರ್ಚ್‌ನಲ್ಲಿ ನಿಂಟೆಂಡೊದ 3ಡಿಎಸ್ ಮತ್ತು ‘ವೀ ಯು’ ಯಂತ್ರಗಳ ಆನ್‌ಲೈನ್ ಅಂಗಡಿ ಮುಚ್ಚಿತು. 2024ರಲ್ಲಿ ಬಂದ ಪ್ಲೇಸ್ಟೇಷನ್ 5 ಪ್ರೊದಲ್ಲಿ ಡಿಸ್ಕ್ ಡ್ರೈವ್ ಇಲ್ಲ, ಬೇಕಾದರೆ ಬೇರೆ ಕೊಳ್ಳಬೇಕು. 2025ರ ಸ್ವಿಚ್ 2ಕ್ಕೆ ಬರುವ ಕೆಲವು ಕಾರ್ಡ್‌ಗಳಲ್ಲಿ ಆಟವೇ ಇರುವುದಿಲ್ಲ, ಡೌನ್‌ಲೋಡ್ ಮಾಡಲು ಬೇಕಾದ ಕೀಲಿ ಮಾತ್ರ. ಯಂತ್ರ ಹಳೆಯದಾದಂತೆ ಅಗ್ಗವಾಗುತ್ತದೆ ಎಂಬ ನಂಬಿಕೆಯೂ ಹೋಯಿತು. 2022ರಲ್ಲಿ ಪ್ಲೇಸ್ಟೇಷನ್ 5ರ ಬೆಲೆಯನ್ನು ಹಲವು ದೇಶಗಳಲ್ಲಿ ಏರಿಸಿದರು. ಕನ್ಸೋಲ್ ತಾನಾಗಿಯೇ ಮೊಬೈಲ್‌ನ ಕೆಟ್ಟ ಗುಣಗಳನ್ನು ಕಲಿಯುತ್ತಿದೆ.

ಬೂದು ಗುಂಡಿ

ನಿಮ್ಮ ಪ್ರತಿ ವಾಕ್ಯವೂ ನಿಜ. ನನ್ನ ಸಿಟ್ಟು ಕನ್ಸೋಲ್ ಕಂಪನಿಗಳ ಮೇಲೂ ಇದೆ. ಡಿಸ್ಕ್ ಡ್ರೈವ್ ಇರುವ ಯಂತ್ರವನ್ನೇ ಕೇಳಿ ಕೊಳ್ಳುವವರು ಕಡಿಮೆಯಾದಷ್ಟೂ ಇದು ಹೆಚ್ಚುತ್ತದೆ.

ದೂರದ ಪರದೆ

ಆಟ ಎಲ್ಲೋ ದೂರದ ಸರ್ವರ್‌ನಲ್ಲಿ ಓಡಿ ಚಿತ್ರ ಮಾತ್ರ ಫೋನ್‌ಗೆ ಬಂದರೆ ಬಿಸಿ, ಮೆಮೊರಿ ಎಲ್ಲದರ ಗೊಡವೆಯೂ ತಪ್ಪುತ್ತದಲ್ಲವೇ?

ಫ್ರೇಮ್ ಲೆಕ್ಕ

ತಪ್ಪುತ್ತದೆ, ಆದರೆ ಗುಂಡಿ ಒತ್ತಿದ ಸುದ್ದಿ ಅಲ್ಲಿಗೆ ಹೋಗಿ ಚಿತ್ರ ಇಲ್ಲಿಗೆ ಬರುವಷ್ಟರಲ್ಲಿ ಹಲವು ಫ್ರೇಮ್‌ಗಳು ಕಳೆದಿರುತ್ತವೆ. ನಿಧಾನದ ಆಟಕ್ಕೆ ತೊಂದರೆಯಿಲ್ಲ, ಹೊಡೆದಾಟದ ಆಟಕ್ಕೆ ಕಷ್ಟ. ಗೂಗಲ್‌ನಂಥ ಕಂಪನಿಯೇ 2019ರ ನವೆಂಬರ್‌ನಲ್ಲಿ ಶುರುಮಾಡಿದ ಸ್ಟೇಡಿಯಾ ಎಂಬ ಇಂಥದೇ ಸೇವೆಯನ್ನು 2023ರ ಜನವರಿಯಲ್ಲಿ ಮುಚ್ಚಿತು. ಕೊಂಡವರಿಗೆ ಹಣ ಹಿಂದಿರುಗಿಸಿದರು, ಅದು ಅವರ ದೊಡ್ಡತನ.

ಹಳೆಯ ಕಾರ್ಟ್ರಿಜ್ ಅವರು ಮೊದಲು ಕೇಳಿದ ಸ್ವಿಚ್‌ನ ಪ್ರಶ್ನೆಗೆ ಬರುತ್ತೇನೆ. ಅದರ ಒಳಗಿರುವುದು ಎನ್‌ವಿಡಿಯಾದ ಟೆಗ್ರಾ ಎಕ್ಸ್1, 2015ರ ಮೊಬೈಲ್ ಚಿಪ್. ಅದೇ ಚಿಪ್ ಪಿಕ್ಸೆಲ್ ಸಿ ಎಂಬ ಆಂಡ್ರಾಯ್ಡ್ ಟ್ಯಾಬ್ಲೆಟ್‌ನಲ್ಲೂ ಇತ್ತು. ಆ ಟ್ಯಾಬ್ಲೆಟ್ ಯಾರಿಗೂ ನೆನಪಿಲ್ಲ, ಸ್ವಿಚ್ 15 ಕೋಟಿ ದಾಟಿತು. ನಿಂಟೆಂಡೊ ಸೇರಿಸಿದ್ದು ಒಂದು ಸಣ್ಣ ಫ್ಯಾನ್, ನಿಜವಾದ ಗುಂಡಿಗಳು, ಇಬ್ಬರಿಗೆ ಹಂಚಿಕೊಳ್ಳಲು ಬಿಚ್ಚಿ ತೆಗೆಯಬಹುದಾದ ಎರಡು ಹಿಡಿಕೆಗಳು, ವರ್ಷಗಟ್ಟಲೆ ಬದಲಾಗದ ಒಂದೇ ಮಾದರಿ, ಮತ್ತು ಪೂರ್ತಿ ಬೆಲೆ ಕೊಟ್ಟು ಕೊಳ್ಳುವ ಆಟಗಳು. ಚಿಪ್ ಮೊಬೈಲಿನದೇ ಆದರೂ ಯಂತ್ರ ಕನ್ಸೋಲೇ ಆಯಿತು. ಹಿಂದೆ ಔಯಾ ಎಂಬ ಕಂಪನಿ ಇದೇ ದಾರಿ ಹಿಡಿದು 2013ರಲ್ಲಿ ಆಂಡ್ರಾಯ್ಡ್ ಕನ್ಸೋಲ್ ತಂದಿತ್ತು, ಆಟಗಳಿಲ್ಲದೆ ಸೊರಗಿತು. ಹಣದ ಬಗೆಗಿನ ನಿಮ್ಮ ವಾದಕ್ಕೆ ಇದಕ್ಕಿಂತ ಬಲವಾದ ಪುರಾವೆ ನನಗೆ ಗೊತ್ತಿಲ್ಲ.

ಹೊಸ ಆಟಗಾರ

ಎಲ್ಲವನ್ನೂ ಓದಿದೆ. ನನ್ನ ಬಳಿ ಒಳ್ಳೆಯ ಫೋನ್ ಇದೆ, ಕನ್ಸೋಲ್ ಇಲ್ಲ. ಕಥೆ ಇರುವ ಆಟಗಳನ್ನು ಆಡಿ ನೋಡಬೇಕೆಂಬ ಆಸೆ. ಈಗಲೇ ಅಷ್ಟು ಹಣ ಹಾಕಬೇಕೇ?

ಎರಡನೇ ಆಟಗಾರ್ತಿ

ಬೇಡ. ಮೊದಲು ಒಂದು ಕಂಟ್ರೋಲರ್ ಕೊಳ್ಳಿ, ಫೋನ್‌ಗೆ ಜೋಡಿಸಿ. ‘ಸ್ಟಾರ್‌ಡ್ಯೂ ವ್ಯಾಲಿ’ಯಂಥ, ಒಂದೇ ಸಲ ಹಣ ಕೊಡುವ ಆಟದಿಂದ ಶುರುಮಾಡಿ. ಆಡುತ್ತಾ ಆಡುತ್ತಾ ದೊಡ್ಡ ಪರದೆ ಬೇಕೆನ್ನಿಸಿದರೆ ಆಗ ಕನ್ಸೋಲ್ ಯೋಚನೆ ಮಾಡಿ.

ಫ್ರೇಮ್ ಲೆಕ್ಕ

ಒಪ್ಪುತ್ತೇನೆ. ಮುಂದೆ ಕನ್ಸೋಲ್‌ಗೂ ಹೊಂದುವ ಕಂಟ್ರೋಲರ್ ಅನ್ನೇ ಆರಿಸಿಕೊಳ್ಳಿ. ಆಡುವಾಗ ಫೋನ್‌ನ ದಪ್ಪ ಕವರ್ ತೆಗೆದಿಡಿ, ಚಾರ್ಜರ್ ಬಿಚ್ಚಿಡಿ, ಸೆಟ್ಟಿಂಗ್‌ನಲ್ಲಿ 60ರ ಬದಲು 30 ಫ್ರೇಮ್ ಇಟ್ಟುಕೊಳ್ಳಿ. ಕಥೆಯ ಆಟಕ್ಕೆ ಅಷ್ಟು ಸಾಕು, ಬ್ಯಾಟರಿಯೂ ಬಾಳುತ್ತದೆ.